ತೂಕ ಕೇಳಿ ಕೂರಿಸುತ್ತಿದ್ದ ಸುಮಿತ್ರಕ್ಕ

ಸುಮಿತ್ರಕ್ಕನ ವ್ಯಾನು ಹತ್ತುವ ಮೊದಲು ಎಲ್ಲರೂ ತಮ್ಮ ತೂಕ ಹೇಳಬೇಕಿತ್ತು. ಸನ್ನಿವೇಲಿನ ದೇವಸ್ಥಾನಕ್ಕಾದರೂ ಸರಿ, ಗ್ರೋಸರಿಗಾದರೂ ಸರಿ. ನಾನು ಮೆಲ್ಲಗೆ "ನೂರ ನಲವತ್ತು ಪೌಂಡು" ಎಂದರೆ ಮೇಲಿಂದ ಕೆಳಗೆ ನೋಡಿ, "ಹದಿನೈದು ನುಂಗಿದ್ದೀ ಮಾರಾಯ್ತಿ. ನನ್ನತ್ರ ಸುಳ್ಳು ಹೇಳ್ಬಹುದು, ವಿಮಾನದತ್ರ ಆಗ್ತದಾ?" ಎಂದು ಹಿಂದಿನ ಸೀಟಿಗೆ ಅಟ್ಟುತ್ತಿದ್ದರು.

ಮಂಗಳೂರಿನ ಸುಮಿತ್ರಕ್ಕ ಇಲ್ಲಿ, ಕಡಲಾಚೆಯ ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಪಕ್ಕದ ಮನೆಯವರು. ವಾರವಿಡೀ ಫಿಸಿಯೋಥೆರಪಿ ಕ್ಲಿನಿಕ್ಕು. ತಿಂಗಳಿಗೊಂದು ವೀಕೆಂಡು ಸಮವಸ್ತ್ರ ತೊಟ್ಟು ವಾಯುನೆಲೆಗೆ. ಅಲ್ಲಿ ವಾಯುಪಡೆಯ ಮೀಸಲು ದಳದ ಸರಕು ವಿಮಾನಗಳಿಗೆ ಅವರು ಲೋಡ್‌ಮಾಸ್ಟರ್. ಯಾವ ಪೆಟ್ಟಿಗೆ ಎಲ್ಲಿ ಕೂತರೆ ವಿಮಾನ ನೆಟ್ಟಗೆ ಹಾರುತ್ತದೆಂದು ನೋಡಿ ಕಟ್ಟಿಸುವ ಕೆಲಸ.

ಒಂದು ವರ್ಷ ಅವರಿದ್ದ ಸ್ಕ್ವಾಡ್ರನ್ನನ್ನು, ಅಂದರೆ ಆ ವಿಮಾನಗಳ ದಳವನ್ನೇ, ಮುಚ್ಚುವುದೆಂದಾಯಿತು. ಅದರ ಚರಿತ್ರೆ ಬರೆಯುವುದು ಸುಮಿತ್ರಕ್ಕನ ಹೆಗಲಿಗೆ ಬಿತ್ತು. ಬೀಳ್ಕೊಡುಗೆಯ ದಿನ ಹಂಚಲು ನಲವತ್ತು ಪುಟ ಸಾಕೆಂದಿದ್ದರು ಮೇಲಿನವರು. ಇವರು ಬರೆದದ್ದು ಅದರ ಎರಡರಷ್ಟು. ಪುಸ್ತಕದ ಪುಟ ಜೋಡಿಸುವುದು ನನ್ನ ಕಸುಬಾದ್ದರಿಂದ ಕತ್ತರಿ ನನ್ನ ಕೈಗೆ ಬಂತು. ಯಾವ ಹಾರಾಟದಲ್ಲಿ ಏನು ಹೊತ್ತರೆಂಬ ಪಟ್ಟಿಯೇ ಮೂವತ್ತು ಪುಟ: ಭೂಕಂಪವಾದಲ್ಲಿಗೆ ಕಂಬಳಿ, ಕಾಡ್ಗಿಚ್ಚು ಬಿದ್ದಲ್ಲಿಗೆ ನೀರು, ಒಮ್ಮೆ ಇಡೀ ಆಸ್ಪತ್ರೆಗಾಗುವಷ್ಟು ಹಾಸಿಗೆ.

"ಇದನ್ನ ಯಾರೂ ಓದಲ್ಲ ಅಕ್ಕಾ, ತೆಗೀತೀನಿ" ಎಂದೆ.

ಸುಮಿತ್ರಕ್ಕ ಕೆಂಡವಾದರು. "ಎಂಥ ಹೇಳ್ತಿ? ಜನರಿಗೆ ಹೊತ್ಕೊಂಡು ಹೋದದ್ದು ಬಿಟ್ರೆ ನಮಗೆ ಬೇರೆ ಚರಿತ್ರೆ ಎಂಥ ಉಂಟು? ವಿಮಾನದ ಭಾರ ಇಳಿಸ್ಲೇಬೇಕಾದ್ರೆ ಮೊದಲು ನಮ್ಮ ಬ್ಯಾಗು ಇಳಿಸೋದು. ಫೋಟೋ ಎಲ್ಲ ತೆಗಿ. ನನ್ನದೇ ಮೊದಲು."

ವಾರವಿಡೀ ಜಗಳವಾಡಿ ಸೋತೆ. ಫೋಟೋಗಳು ಹೋದವು, ಪಟ್ಟಿ ಉಳಿಯಿತು. ಬೀಳ್ಕೊಡುಗೆಯ ದಿನ ಊರುಗೋಲಿನ ನಿವೃತ್ತರೊಬ್ಬರು ಕಂಬಳಿಯ ಸಾಲಿನ ಮೇಲೆ ಬೆರಳಿಟ್ಟು, ಅದನ್ನು ಬಿಗಿದು ಕಟ್ಟಿದವನು ತಾನೇ ಎಂದು ಹೆಂಡತಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಸುಮಿತ್ರಕ್ಕ ದೂರದಿಂದಲೇ ನನ್ನತ್ತ ಹುಬ್ಬು ಹಾರಿಸಿದರು.

ಕಳೆದ ಚಳಿಗಾಲ, ಯಾವ ಸೂಚನೆಯನ್ನೂ ಕೊಡದೆ, ಹೃದಯಾಘಾತದಿಂದ ಹೋಗಿಬಿಟ್ಟರು. ಶ್ರದ್ಧಾಂಜಲಿಗೆ ಸಮವಸ್ತ್ರದ ಫೋಟೋ ಬೇಕೆಂದು ಪುಸ್ತಿಕೆ ತಿರುವಿದೆ. ಅದನ್ನು ಪುಟದಿಂದ ಕಿತ್ತುಹಾಕಿದವಳು ನಾನೇ ಎಂದು ನೆನಪಾಯಿತು. ಕೊನೆಗೆ ಕಂಬಳಿಯ ಪುಟವನ್ನೇ ದೊಡ್ಡದಾಗಿ ಮುದ್ರಿಸಿ ಹೂವಿನ ಪಕ್ಕ ಇಟ್ಟೆವು.

ಎಲ್ಲ ಮುಗಿದ ಮೇಲೆ ಅವರ ಗಂಡ ಪ್ರಭಾಕರ ಭಾವ ವ್ಯಾನಿನ ಬಾಗಿಲು ತೆರೆದರು. ಯಾವಾಗಲೂ ಅದರಲ್ಲಿ ಹೋಗುತ್ತಿದ್ದ ನಾವು ಐದು ಜನ ಬಾಗಿಲ ಬಳಿ ನಿಂತೆವು. ಯಾರೂ ಹತ್ತಲಿಲ್ಲ.

"ನೂರ ಐವತ್ತೈದು ಪೌಂಡು" ಎಂದೆ ಗಟ್ಟಿಯಾಗಿ, ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ.