ಪಕ್ಷಗಳು ಕೈ ಕುಲುಕಿದ ಭಾನುವಾರ

ಅಮೆರಿಕದ ಕ್ಯಾರಲ್ಟನ್ನಿನಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಬೋಸ್ನಿಯಾದವಳು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ದಿನವಿಡೀ ಅಪಾರ್ಟ್‌ಮೆಂಟಿನ ಗೋಡೆ ನೋಡಿ ತಲೆ ಕೆಟ್ಟಿತ್ತು. ಎದುರು ಮನೆಯ ಅವಳು ಹೋಟೆಲೊಂದರಲ್ಲಿ ರೂಮು ಕ್ಲೀನ್ ಮಾಡುತ್ತಿದ್ದಳು. ಯುದ್ಧದಲ್ಲಿ ಗಂಡ ಸತ್ತದ್ದನ್ನು ಮೊದಲ ಭೇಟಿಯಲ್ಲೇ ಹೇಳಿದಳು, ಎರಡನೆಯದರಲ್ಲಿ ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ಬೈದಳು. ವಯಸ್ಸಿನಲ್ಲಿ ದೊಡ್ಡವಳು. ಅಕ್ಕ ಎಂದೇ ಕರೆಯತೊಡಗಿದೆ.

ಭಾನುವಾರ ಅವಳ ಮನೆಯಲ್ಲಿ ಪದರಪದರವಾದ ಒಂದು ತಿಂಡಿ. ನನಗೆಂದು ಮಾಂಸದ ಬದಲು ಆಲೂಗಡ್ಡೆ ತುಂಬುತ್ತಿದ್ದಳು. ಮಾರುದ್ದದ ಲಟ್ಟಣಿಗೆಯಿಂದ ಹಿಟ್ಟು ಲಟ್ಟಿಸಿ, ಮೇಜಿನ ಆಚೆ ಈಚೆ ನಿಂತು, ಮೇಜುಬಟ್ಟೆಯ ಹೂವು ಕಾಣುವಷ್ಟು ತೆಳ್ಳಗೆ ಎಳೆಯಬೇಕು. ಹೋಳಿಗೆ ತಟ್ಟಿ ಪಳಗಿದ ಕೈ ಎಂದು ನಾನು ಜಂಬ ಕೊಚ್ಚಿಕೊಂಡದ್ದೇ ಬಂತು, ಪ್ರತಿಸಲ ಹರಿಯುತ್ತಿದ್ದದ್ದು ನನ್ನ ಕಡೆಯೇ.

ಅವಳ ತಮ್ಮನೂ ಜೊತೆಗಿದ್ದ. ಡಿಶ್ ಹಾಕಿಸಿಕೊಂಡು ಸದಾ ತನ್ನೂರಿನ ಚಾನೆಲ್ ನೋಡುತ್ತಿದ್ದ. ಊರಲ್ಲಿ ಬಿಟ್ಟುಬಂದ ಅವರ ಮನೆಯಲ್ಲೀಗ, ಯುದ್ಧದಲ್ಲಿ ಎದುರು ಪಾಳಯದವರಾಗಿದ್ದ ಸರ್ಬರ ಕುಟುಂಬವೊಂದು ಬೀಡುಬಿಟ್ಟಿತ್ತು. ಚುನಾವಣೆಯಲ್ಲಿ ತಮ್ಮವರಾದ ಮುಸ್ಲಿಮರ ಪಕ್ಷ ಗೆದ್ದರೆ ಮನೆ ಬಿಡಿಸಿಕೊಡುತ್ತದೆ ಎಂದು ನಂಬಿದ್ದ. ಅಕ್ಕನಿಗೆ ಯಾವ ಪಕ್ಷವೂ ಬೇಡ.

"ಯುದ್ಧಕ್ಕೆ ಮುಂಚೆ ಮೂರು ಜನಾಂಗದ ಪಕ್ಷಗಳೂ ಒಳಗೊಳಗೆ ಒಂದೇ," ಎಂದಿದ್ದಳೊಮ್ಮೆ, ಈರುಳ್ಳಿ ಹೆಚ್ಚುತ್ತಾ. "ನಿಮ್ಮವರಿಗೆ ನೀವು ವೋಟು ಹಾಕಿ, ನಮ್ಮವರಿಗೆ ನಾವು, ಆಮೇಲೆ ಸೇರಿ ಆಳೋಣ ಅಂದ್ರು. ಹಾಕಿದ್ವಿ. ಆಮೇಲೆ ನಮ್ಮನ್ನ ಕೊಯ್ದರು."

ಇದನ್ನು ಮನೆಯಲ್ಲಿ ಹೇಳಿದರೆ ನನ್ನ ಗಂಡ ನಕ್ಕುಬಿಟ್ಟರು. "ನಮ್ಮಲ್ಲೂ ಬೈದಾಡ್ಕೊಂಡೋರೇ ಸೇರಿ ಸರ್ಕಾರ ಮಾಡಲ್ವಾ? ನಿಂಗ್ಯಾಕೆ ಅವರ ಪಂಚಾಯ್ತಿ?"

"ನಮ್ಮಲ್ಲಿ ಸೇರ್ಕೊಂಡೋರು ಯಾರ ಗಂಡನ್ನೂ ಹೊಳೆ ದಂಡೆಗೆ ಎಳ್ಕೊಂಡು ಹೋಗಿರಲಿಲ್ಲ ರೀ," ಎಂದೆ. ಅವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಆ ಭಾನುವಾರ ಹಿಟ್ಟು ಮೇಜಿನ ಅಂಚಿಗೆ ಬಂದಿತ್ತು. ತಮ್ಮ ಟಿವಿ ಮುಂದಿನಿಂದ ಕೂಗಿದ, ನನಗೂ ತಿಳಿಯಲೆಂದು ಹರಕು ಇಂಗ್ಲಿಷಿನಲ್ಲಿ. ಅವನ ಪಕ್ಷ ಸರ್ಬರ ಪಕ್ಷದೊಂದಿಗೆ ಹೊಂದಾಣಿಕೆ ಮಾಡಿಕೊಂಡಿತ್ತಂತೆ. ಇಬ್ಬರೂ ಸೇರಿ ಅವರೂರಿನ ಪುರಸಭೆ ಹಿಡಿಯುತ್ತಾರೆ, ಇನ್ನು ಮನೆ ಸಿಕ್ಕಂತೆಯೇ!

ಅಕ್ಕ ತಲೆ ಎತ್ತಿದಳು. ಟಿವಿಯಲ್ಲಿ ವೇದಿಕೆಯ ಮೇಲೆ ಇಬ್ಬರು ಕೈ ಕುಲುಕುತ್ತಿದ್ದರು. ಸರ್ಬರ ಕಡೆಯವನು ಅವಳ ಬೀದಿಯಲ್ಲೇ ಇದ್ದ ಡ್ರಿಲ್ ಮೇಷ್ಟ. ಅವನ ಕಥೆ ನನಗೆ ಗೊತ್ತಿತ್ತು: ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದವನೇ ಬಂದೂಕು ಹಿಡಿದು ಬಂದು ಅವಳ ಗಂಡನನ್ನು ಹೊಳೆಗೆ ಕರೆದೊಯ್ದಿದ್ದ.

"ಅವನೇ," ಎಂದಳು.

"ನಂಗೂ ಗೊತ್ತು. ಈಗ ಮನೆ ಕೊಡಿಸೋದು ಅವನ ಕೈಲಿದೆ. ಯುದ್ಧ ಮುಗೀತು, ಬಿಡು," ಎಂದ ತಮ್ಮ.

ಅಕ್ಕನ ಕೈಯ ಲಟ್ಟಣಿಗೆ ಮೇಲೆದ್ದದ್ದು ನಾನು ನೋಡಲಿಲ್ಲ. ಮೊದಲ ಏಟು ತಮ್ಮನ ಕಿವಿಗೆ ಬಿತ್ತು. ಎರಡನೆಯದು ಅಡ್ಡ ತಂದ ಮುಂಗೈಗೆ. ಮೂಳೆ ಲಟಕ್ಕೆಂದದ್ದು ನನಗೂ ಕೇಳಿಸಿತು. ಅವನು ಉಳಿದ ಕೈಯಲ್ಲಿ ಅವಳ ಕುತ್ತಿಗೆ ಹಿಡಿದು ತಳ್ಳಿದ. ಹಣೆ ಮೇಜಿನ ಮೂಲೆಗೆ ಬಡಿದು ಒಡೆಯಿತು, ಹಿಟ್ಟೆಲ್ಲ ಅವಳ ಮೈಮೇಲೆ ಜಾರಿ ಕೆಂಪಾಯಿತು. ಆಗಲೂ ಅವನು ಕುತ್ತಿಗೆ ಬಿಡಲಿಲ್ಲ. ನಾನು "ಬಿಡೋ ಮುಂಡೇದೇ!" ಎಂದು ಕನ್ನಡದಲ್ಲೇ ಅರಚುತ್ತಾ ಕುರ್ಚಿ ಎತ್ತಿ ಅವನ ಬೆನ್ನಿಗೆ ಬಾರಿಸಿದೆ. ಇನ್ನೊಮ್ಮೆ ಬಾರಿಸಿದ ಮೇಲೆ ಬಿಟ್ಟ. ಬಿಟ್ಟವನು ನೆಲದಲ್ಲಿ ಕೂತು, "ನಂಗೆ ಮನೆ ಬೇಕು, ಮನೆ ಬೇಕು" ಎಂದು ಹೋ ಎಂದು ಅತ್ತ.

ಯಾರೋ ಫೋನ್ ಮಾಡಿರಬೇಕು, ಪೊಲೀಸ್ ಬಂದ. ನನ್ನ ಕೈಯಲ್ಲಿನ್ನೂ ಕುರ್ಚಿಯಿತ್ತು. ಅವನು ನಮ್ಮ ಮೂವರನ್ನೂ ನೋಡಿ ಕೇಳಿದ: "ಮೊದಲು ಶುರು ಮಾಡಿದ್ದು ಯಾರು?"

ಅಕ್ಕ ರಕ್ತ, ಹಿಟ್ಟು ಮೆತ್ತಿದ ಬೆರಳನ್ನು ಟಿವಿಯ ಕಡೆ ಚಾಚಿದಳು. ಅದೇ ಸಮಾರಂಭವನ್ನು ಮತ್ತೆ ತೋರಿಸುತ್ತಿದ್ದರು. ಆ ಮೇಷ್ಟ ಜನರತ್ತ ಕೈ ಬೀಸುತ್ತಿದ್ದ.

ಸದ್ದು ಜಾಸ್ತಿಯಾಯಿತು ಎನ್ನುತ್ತಿದ್ದಾಳೆಂದು ಪೊಲೀಸ್ ತಿಳಿದುಕೊಂಡ. ರಿಮೋಟ್ ಹುಡುಕಿ ಟಿವಿ ಆರಿಸಿದ. ಆಮೇಲೆ ತಮ್ಮನ ಮುರಿದ ಕೈ, ಅವಳ ಪಕ್ಕ ಬಿದ್ದಿದ್ದ ಲಟ್ಟಣಿಗೆ ನೋಡಿ, ಅವಳ ಕೈಗಳನ್ನು ಹಿಂದಕ್ಕೆ ತಂದು ಬೇಡಿ ಹಾಕಿದ.