ಹಾಳೆಗೆ ಸೇರದ ಜೋಡಿ ಗೂಬೆ

ಬೆಳಗಿನ ತಿಂಡಿ ಮುಗಿಸಿ, ನೆನೆಹಾಕಿದ್ದ ಅವರೆಕಾಳು ಹಿತುಕುತ್ತ ಜಗಲಿಯ ಮೇಲೆ ಕೂತಿದ್ದೆ. ಫೋನು ಬಂತು. ಶ್ರೀರಂಗಪಟ್ಟಣದಲ್ಲಿ ಪಾಠ ಹೇಳುವ ಮೇಡಂ. ಅರಕೆರೆ ಕಡೆಯ ನಮ್ಮೂರಿಗೆ ಬಂದು, ನಮ್ಮ ಬೀದಿಯ ಹೆಂಗಸರಿಗೆ ಹಕ್ಕಿ ನೋಡಿ ಎಣಿಸಿ ಬರೆಯುವುದನ್ನು ಕಲಿಸಿದವರು ಅವರೇ.

"ನಾಲೆ ಏರಿ ಅಗಲ ಮಾಡೋದಕ್ಕೆ ನೀರಾವರಿಯವ್ರು ನಿಮ್ಮ ಒಗೆಯೋ ಕಲ್ಲಿನ ಹತ್ರದ ಹುಣಸೆಮರಾನ ಇವತ್ತು ಕಡೀತಾರಂತೆ. ಪೊಟರೇಲಿ ಏನಾದ್ರೂ ವಾಸ ಇದ್ರೆ ಮರ ಬಿಟ್ಟು ಆಚೆ ಕಡೆಯಿಂದ ಅಗಲ ಮಾಡ್ತೀವಿ ಅಂದಿದ್ರು. ನಿಮ್ಮ ಹಾಳೆಗಳನ್ನೇ ಕೊಟ್ಟೆ. ಪೊಟರೆ ವಿಷಯ ಒಂದ್ಸಲಾನೂ ಬರ್ದಿಲ್ಲ ನೀವು. ಏನೂ ಇಲ್ಲ, ಅಲ್ವಾ?"

"ಇಲ್ಲ ಮೇಡಂ" ಅಂದೆ.

ಇದ್ದವು. ಎರಡು ಪುಟ್ಟ ಗೂಬೆ. ಬೆಳಗಿನ ಬಿಸಿಲಿಗೆ ಪೊಟರೆಯ ಬಾಯಲ್ಲಿ ಒತ್ತೊತ್ತಾಗಿ ಕೂತು, ನಾನು ಬಟ್ಟೆ ಒಗೆಯುವುದನ್ನು ಕತ್ತು ಬಗ್ಗಿಸಿ ನೋಡುತ್ತಿದ್ದವು. ಬರೆಯಲು ಹಿಡಿದ ಮೊದಲ ವಾರವೇ ಕಂಡಿದ್ದೆ.

ಬರೆಯಲಿಲ್ಲ. ಪ್ರತಿ ಹಾಳೆಯ ತಲೆಯ ಮೇಲೂ 'ಶ್ರೀರಂಗನಾಥ ಪ್ರಸನ್ನ' ಎಂದು ಬರೆದು, ಮೂಲೆಗೆ ಕುಂಕುಮ ಹಚ್ಚಿ, ತುಂಬಿದ ಹಾಳೆಯನ್ನು ಮೇಡಂ ಬಂದು ಒಯ್ಯುವ ತನಕ ದೇವರಮನೆಯ ಗೂಡಿನಲ್ಲಿ ಇಡುತ್ತಿದ್ದೆ. ಗರುಡ ಬರೆದೆ, ಬೆಳ್ಳಕ್ಕಿ ಬರೆದೆ, ಮಿಂಚುಳ್ಳಿ ಬರೆದೆ. ಗೂಬೆ ಬರೆಯಲು ಕೈ ಬರಲಿಲ್ಲ. "ದೇವ್ರ ಹೆಸ್ರು ಕೆಳ್ಗೆ ಗೂಬೆ ಕೂರಿಸ್ಬುಟ್ಟೀಯ ಕಣವ್ವಾ!" ಎಂದು ಅತ್ತೆ ಒಮ್ಮೆ ತಮಾಷೆ ಮಾಡಿದ್ದರು. ತಪ್ಪನ್ನು ಅವರ ಮೇಲೆ ಹಾಕುವುದು ನ್ಯಾಯವಲ್ಲ. ಅವರು ನಕ್ಕು ಮರೆತರು. ನಾನು ಮಾತ್ರ ಆ ಮರದ ಕೆಳಗೆ ಹೋದಾಗಲೆಲ್ಲ ಮುಖ ಆಚೆ ತಿರುಗಿಸಿ, ಕಾಣಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೇಡಂ ಹೇಳಿಕೊಟ್ಟಿದ್ದು ಎರಡೇ ಮಾತು: ಕಾಣದ್ದನ್ನು ಬರೆಯಬೇಡಿ, ಕಂಡದ್ದನ್ನು ಬಿಡಬೇಡಿ. ಒಂದು ವಾರವೂ ತಪ್ಪಿಸದೆ ಬರೆದವಳು ಎಂದು ಅವರು ಎಲ್ಲರೆದುರು ಹೊಗಳಿದಾಗ ತಲೆ ತಗ್ಗಿಸಿ ನಕ್ಕಿದ್ದೆ.

ನಾಲೆ ಕಡೆಯಿಂದ ಗರಗಸದ ಮಿಶನ್ನು ಗುರ್ ಎಂದಿತು. ಕಾಳಿನ ತಟ್ಟೆ ಅಲ್ಲೇ ಬಿಟ್ಟು ಓಡಿದೆ. ಹೋಗುವಷ್ಟರಲ್ಲಿ ಗರಗಸ ಬುಡದೊಳಗೆ ಅರ್ಧ ಇಳಿದಿತ್ತು.

"ದೂರ ನಿಂತ್ಕಳಿ ಅಕ್ಕಾ, ಕೊಂಬೆ ಬೀಳ್ತದೆ" ಎಂದು ಮೇಸ್ತ್ರಿ ಕೂಗಿದ.

"ಪೊಟರೇಲಿ ಗೂಬೆ ಅವೆ ಕಣಪ್ಪಾ."

"ಇಲ್ವಂತೆ ಕಣಕ್ಕ. ಅದ್ಯಾರೋ ಅಮ್ಮಾವ್ರು ವಾರವಾರ ಬುಡ್ದೆ ನೋಡಿ ಬರ್ದವ್ರಂತೆ. ಅವ್ರಿಗೇ ಕಾಣ್ದಿರೋ ಗೂಬೆ ನಿಮ್ಗೆ ಎಲ್ಲಿಂದ ಬಂತು?"

"ನೆನ್ನೆ ಬಸ್ಸಿಗೆ ಬಂದಿರ್ಬೇಕು ಬುಡಣ್ಣೋ" ಎಂದ ಗರಗಸ ಹಿಡಿದವನು. ಎಲ್ಲರೂ ನಕ್ಕರು.

ಆ ಅಮ್ಮಾವ್ರು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನೆ ತಿರುಗಿ ಬಂದುಬಿಡಬಹುದಿತ್ತು. ಸುಳ್ಳೇಕೆ, ಎರಡು ಹೆಜ್ಜೆ ಹಿಂದಕ್ಕೆ ಇಟ್ಟೂ ಇದ್ದೆ.

"ಅದು ನಾನೇ ಕಣಪ್ಪಾ. ಕಂಡಿದ್ದೆ. ಬರೀಲಿಲ್ಲ."

"ಅದ್ಯಾಕೆ?"

"ಮನೇಗೆ ಆಗ್ಬರಲ್ಲ ಅಂತ."

ಮೇಸ್ತ್ರಿ ನಗಲಿಲ್ಲ. ನಕ್ಕಿದ್ದರೆ ವಾಸಿಯಾಗಿತ್ತು. "ಅದೂ ದಿಟವೇಯ. ನಮ್ಮನೇಲೂ ಆ ಹೆಸ್ರು ಎತ್ತಾಂಗಿಲ್ಲ. ಆದ್ರೆ ಅಕ್ಕಾ, ನೀವು ಬರ್ದಿದ್ರೆ ಮರ ಉಳ್ಕತಿತ್ತು. ಈಗ ಅರ್ಧ ಕುಯ್ದಾಗದೆ. ಬುಟ್ರೆ ಗಾಳಿಗೆ ಯಾರ ತಲೆ ಮೇಲೆ ಬೀಳ್ತದೋ."

ಮಿಶನ್ನು ನಿಲ್ಲಿಸಲು ಹೇಳಿ, ಉದ್ದದ ಗಳವೊಂದನ್ನು ತರಿಸಿ, ಪೊಟರೆಯ ಪಕ್ಕ ತಟ್ಟಿದ. ಒಂದು ಹಾರಿತು. ನಾಲ್ಕು ಸಲ ತಟ್ಟಿದ ಮೇಲೆ ಇನ್ನೊಂದು. ಬಿಸಿಲಿಗೆ ಕಣ್ಣು ಕುಕ್ಕಿ ತೆಂಗಿನ ತೋಟದ ಕಡೆ ಹೋದವು. ಕಾಗೆಗಳು ಬೆನ್ನು ಹತ್ತಿದವು. ಮೊಟ್ಟೆ ಇಡುವ ಕಾಲ ಇನ್ನೂ ಬಂದಿರಲಿಲ್ಲ, ಅದೊಂದು ರಂಗನಾಥನ ಕೃಪೆ. ಮೇಸ್ತ್ರಿ ಒಳ್ಳೆಯವನಾಗಿದ್ದ, ಅದೂ ಒಂದು. ಹೀಗೆ ಎಣಿಸಿಕೊಳ್ಳುತ್ತಿರುವಾಗಲೇ ಮರ ಉರುಳಿತು. ಆಮೇಲೆ ಎಣಿಸಲು ಮನಸ್ಸು ಬರಲಿಲ್ಲ.

ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಮೇಡಂಗೆ ಫೋನು ಮಾಡಿ, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ, ಕೇಳಿದರು.

"ಗೂಬೆ ಒಂದೇನಾ, ಇನ್ನೇನಾದ್ರೂ ಬಿಟ್ಟಿದೀರಾ?"

"ಒಂದೇ ಮೇಡಂ. ದೇವರಾಣೆಗೂ."

"ಆಣೆ ಬೇಡಮ್ಮಾ. ನೀವು ಬರ್ದಿದ್ರಲ್ಲಿ ಯಾವುದನ್ನ ನಂಬ್ಲಿ, ಯಾವುದನ್ನ ಬಿಡ್ಲಿ ಅಂತ ಈಗ ನಂಗೇ ಗೊತ್ತಾಗ್ತಾ ಇಲ್ಲ. ಅಷ್ಟೂ ಹಾಳೆ ಪಕ್ಕಕ್ಕಿಡ್ಬೇಕಾಗತ್ತೆ."

ಚಳಿಯಲ್ಲಿ, ಮಂಜಿನಲ್ಲಿ ನಿಂತು ಬರೆದ ಗರುಡವೂ ಹೋಯಿತು, ಮಿಂಚುಳ್ಳಿಯೂ ಹೋಯಿತು. ಸರಿ ಮೇಡಂ ಅಂದೆ. ಮುಂದಿನ ವಾರದಿಂದ ಬರೆಯಲೇ ಎಂದು ಕೇಳಲು ಬಾಯಿ ಬರಲಿಲ್ಲ. ಅವರೂ ಹೇಳಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಎಲ್ಲಿಗೋಗಿದ್ದವ್ವಾ? ಗಂಡಸ್ರು ಗದ್ದೆಯಿಂದ ಬರೋ ಹೊತ್ತಾಯ್ತು, ಇನ್ನೂ ಒಲೆ ಮೇಲೆ ಏನೂ ಇಲ್ಲ."

ಕೈಕಾಲು ತೊಳೆದು ಒಳಗೆ ಹೋಗಿ, ಮುದ್ದೆಗೆ ಎಸರಿಟ್ಟೆ.