ನೂಲು ಕಚ್ಚುವ ಹಲ್ಲು

ನಮ್ಮ ಮನೆಯಲ್ಲಿ ಹಲ್ಲು ಉಜ್ಜದವರಿಗೆ ಕಾಪಿ ಇಲ್ಲ. ಇದು ನನ್ನ ಅಪ್ಪ ಇಟ್ಟ ಕಟ್ಟಳೆ. ಮದುವೆಯಾಗಿ ಗಂಡನ ಊರು ನೆಗಮಕ್ಕೆ ಬಂದಾಗ ಪಾತ್ರೆ ಪಡಗದ ಜೊತೆ ಅದನ್ನೂ ತಂದೆ. ಜ್ವರ ಬಂದ ದಿನವೂ ನಾನು ಅದನ್ನು ಮೀರಿಲ್ಲ. ಅದಕ್ಕೇ ಕಿಣತ್ತುಕಡವಿನ ಹಲ್ಲಿನ ಡಾಕ್ಟರು ನನ್ನನ್ನು ಅಜ್ಜಿ ಎಂದು ಕರೆದು, "ಪಾಟಿ, ಹಲ್ಲು ಸರಿಯಾಗಿ ಉಜ್ಜುತ್ತಿಲ್ಲ" ಎಂದು ತಮಿಳಿನಲ್ಲಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ತಪ್ಪು ನನ್ನದಲ್ಲ, ಬೆರಳಿನದು. ಗಿಣ್ಣುಗಳು ಊದಿ ಬಲಗೈ ಪೂರ್ತಿ ಮುಚ್ಚುವುದಿಲ್ಲ. ಬ್ರಷ್ಷಿನ ಸಣ್ಣ ಹಿಡಿ ಅಂಗೈಯೊಳಗೇ ತಿರುಗಿಬಿಡುತ್ತಿತ್ತು. ವಸಡು ಊದಿಕೊಂಡು ಮುಂದಿನ ಹಲ್ಲೊಂದು ಅಲುಗಾಡತೊಡಗಿತು.

ಆ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಇದೆ. ನೇಯುವ ಮನೆಯ ಹೆಂಗಸರ ಬಾಯಲ್ಲಿ ಹುಡುಕಿದರೆ ಸಿಗುತ್ತದೆ. ಎಳೆ ಹರಿದರೆ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುತ್ತೇವೆ. ಈಗ ಮಗ್ಗದಲ್ಲಿ ಕೂರುವವರು ನನ್ನ ಗಂಡ. ನಾನು ಕಂಡಿಕೆಗೆ ನೂಲು ಸುತ್ತುತ್ತೇನೆ, ಹರಿದ ಎಳೆ ಕೂಡಿಸುತ್ತೇನೆ. ಕತ್ತರಿಯ ಬಳೆಯೊಳಗೆ ಈ ಬೆರಳು ತೂರುವುದಿಲ್ಲ. ಆ ಹಲ್ಲು ಹೋದರೆ ಮಗ್ಗದ ಪಕ್ಕದ ನನ್ನ ಮಣೆಯೂ ಹೋದಂತೆಯೇ.

"ಬ್ಯಾಟರಿ ಬ್ರಷ್ ಹಿಡಿದು ನೋಡಿ, ಹಿಡಿ ದಪ್ಪ ಇರುತ್ತೆ. ಕೈಯಲ್ಲಿ ಉಜ್ಜುವುದೂ ಒಳ್ಳೆಯದೇ, ಕೈ ನಡೆಯುವವರಿಗೆ. ವಸಡು ಇಳಿಯದಿದ್ದರೆ ಹಲ್ಲು ತೆಗೆಯಬೇಕಾಗುತ್ತೆ" ಎಂದರು ಡಾಕ್ಟರು.

"ತೆಗೆಸಿಬಿಡು" ಎಂದರು ನನ್ನ ಗಂಡ, ಬಸ್ಸಿಗೆ ಕಾಯುತ್ತಾ. "ಈ ವಯಸ್ಸಿಗೆ ಒಂದು ಹಲ್ಲು ಹೋದರೆ ಏನು ಮುಳುಗಿತು?"

"ನಿಮ್ಮ ಬಾಯಿ ನೀವು ನೋಡ್ಕೊಳ್ಳಿ" ಎಂದೆ. ಬಸ್ಸು ಬರುವುದರೊಳಗೆ ರಸ್ತೆಯಾಚೆಯ ಅಂಗಡಿಯಿಂದ ಬ್ಯಾಟರಿ ಬ್ರಷ್ ತಂದಿದ್ದೆ.

ಆ ವಾರವೇ ಕರುಮತ್ತಂಪಟ್ಟಿಯಿಂದ ನನ್ನ ತಂಗಿ ಬಂದು ಉಳಿದಳು. ನಮ್ಮದು ಕೈಮಗ್ಗ, ಅವಳ ಮನೆಯಲ್ಲಿ ಪವರ್‌ಲೂಮ್. ಹೋದಾಗಲೆಲ್ಲ ನಾನು ಅವಳನ್ನು ಕೆಣಕುತ್ತಿದ್ದೆ: "ನಿಮ್ಮಲ್ಲಿ ಯಂತ್ರ ನೇಯುತ್ತೆ, ನೀವು ನಿಂತು ನೋಡ್ತೀರಿ." ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಬಂದ ಗುಂಯ್ ಸದ್ದು ಕೇಳಿ ಅವಳು ಬಾಗಿಲಿಗೆ ಬಂದು ನಿಂತಳು.

"ಅಯ್ಯೋ ಅಕ್ಕಾ! ಬಾಯೊಳಗೇ ಪವರ್‌ಲೂಮ್ ಹಾಕ್ಕೊಂಡ್ಯಾ?" ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. "ನಮ್ಮನ್ನ ಏನೇನು ಅಂದೆ! ಇನ್ನು ನೀನೂ ನಿಂತು ನೋಡು."

ಬಾಯಿ ತುಂಬ ನೊರೆ, ಉತ್ತರ ಕೊಡುವಂತಿಲ್ಲ. ನಾನೇನು ಸುಮ್ಮನೆ ನಿಂತವಳಲ್ಲ ಎಂದು ತೋರಿಸಲು ಓಡುತ್ತಿರುವ ಬ್ರಷ್ಷನ್ನೇ ಒತ್ತಿ ಹಿಡಿದು, ಕರಿ ಹಿಡಿದ ತಪ್ಪಲೆ ತಿಕ್ಕುವಂತೆ ಗಸಗಸ ತಿಕ್ಕಿದೆ. ಉಗಿದಾಗ ನೊರೆ ಕೆಂಪಾಗಿತ್ತು. ತಂಗಿಯ ನಗು ನಿಂತಿತು.

"ಬಿಡು ಅಕ್ಕಾ, ಹಳೇ ಬ್ರಷ್ಷೇ ವಾಸಿ."

"ನಾನು ಹೇಳಲಿಲ್ಲವಾ?" ಎಂದರು ಒಳಗಿನಿಂದ ನನ್ನ ಗಂಡ.

ಇಬ್ಬರೂ ಬಿಡು ಎಂದರು. ನಾನು ಬ್ರಷ್ಷನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಮತ್ತೆ ಡಾಕ್ಟರ ಹತ್ತಿರ ಹೋದೆ.

"ನನ್ನ ಮುಂದೆ ಉಜ್ಜಿ ತೋರಿಸಿ" ಎಂದರು. ತೋರಿಸಿದೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ತಿಕ್ಕಬೇಡಿ ಪಾಟಿ. ಹಲ್ಲಿನ ಮೇಲೆ ಸುಮ್ಮನೆ ಇಡಿ, ಒಂದೊಂದಾಗಿ ಮುಂದೆ ಸರಿಸಿ. ಒತ್ತುವ ಕೆಲಸವೇ ಇಲ್ಲ."

ಇದೇ ಮಾತನ್ನು ನಾನು ಬೇರೆ ಕಡೆ ಕೇಳಿದ್ದೆ. ನಾನು ಹುಡುಗಿಯಾಗಿದ್ದಾಗ ಬಿಸಿಲೇರುವ ಮೊದಲೇ ಮಗ್ಗಕ್ಕೇರಿಸುವ ಉದ್ದೆಳೆಗಳ ಹಾಸನ್ನು ಬೀದಿಯುದ್ದಕ್ಕೂ ಕಟ್ಟಿ ಗಂಜಿ ಹಚ್ಚುತ್ತಿದ್ದೆವು. ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಕುಂಚವನ್ನು ಎಳೆಗಳ ಮೇಲೆ ಎಳೆಯಬೇಕು. ಬೇಗ ಮುಗಿಸೋಣವೆಂದು ನಾನು ಒತ್ತಿದರೆ ಎಳೆಗಳು ಪಟಪಟ ಹರಿಯುತ್ತಿದ್ದವು. "ಕುಂಚದ ಭಾರವೇ ಸಾಕು, ನಿನ್ನ ಭಾರ ಹಾಕಬೇಡ" ಎನ್ನುತ್ತಿದ್ದರು ಅಪ್ಪ. ಹಗುರವಾಗಿ ಹಿಡಿಯುವುದು ನಿಂತು ನೋಡುವುದಲ್ಲ. ಕೈ ಸೋಲುವಷ್ಟು ಕೆಲಸ ಅದು. ತಂಗಿಯ ಒಂದು ಮಾತಿಗೆ ಅದನ್ನೇ ಮರೆತು ತಿಕ್ಕಿದ್ದೆ.

ಮಾರನೆಯ ದಿನದಿಂದ ಬ್ರಷ್ಷಿನ ಭಾರವಷ್ಟೇ. ಹಿಂದಿನ ದವಡೆಯಿಂದ ಶುರು, ಮುಂದಿನ ಹಲ್ಲಿಗೆ ಮುಕ್ತಾಯ, ಆಮೇಲೆ ಕಾಪಿ. ರಕ್ತ ಮೊದಲು ಕಡಿಮೆಯಾಯಿತು, ಆಮೇಲೆ ನಿಂತಿತು. ಮುಂದಿನ ಸಲ ಹೋದಾಗ ಡಾಕ್ಟರು ಹಲ್ಲನ್ನು ಅಲುಗಿಸಿ ನೋಡಿ, "ಇನ್ನೂ ಸ್ವಲ್ಪ ಅಲುಗಾಡುತ್ತೆ, ಆದರೆ ತೆಗೆಯುವಂಥದ್ದಲ್ಲ. ಇನ್ನು ಮೇಲೆ ನೂಲು ಕಚ್ಚಬೇಡಿ" ಎಂದರು. ನಾನು ತಲೆ ಆಡಿಸಿದೆ. ಹೂಂ ಎನ್ನಲಿಲ್ಲ.

ಸುದ್ದಿ ತಿಳಿದ ತಂಗಿ ತಿರುಪ್ಪೂರಿನಿಂದ ಟ್ರಿಮ್ಮರ್ ತರಿಸಿಕೊಂಡು ಬಂದಳು. ಬನಿಯನ್ ಕಂಪನಿಗಳಲ್ಲಿ ನೂಲು ಕತ್ತರಿಸುವ ಪುಟ್ಟ ಸಾಧನ. ಬೆರಳು ತೂರಿಸಬೇಕಿಲ್ಲ, ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಸಾಕು. "ಹಿಡಿ, ಪವರ್‌ಲೂಮಮ್ಮಾ" ಎಂದಳು. ಒಳ್ಳೆಯ ವಸ್ತು. ಮಗ್ಗದ ಪಕ್ಕದ ಮೊಳೆಗೆ ನೇತುಹಾಕಿದೆ. ಈಗ ದಿನವೂ ಅದರಲ್ಲೇ ಕತ್ತರಿಸುತ್ತೇನೆ.

ಆದರೆ ಅವತ್ತು, ಅವಳು ನೋಡುತ್ತಿರುವಾಗಲೇ, ಗಂಡ "ಎಳೆ ಹೋಯ್ತು" ಎಂದು ಕೂಗಿದರು. ನಾನು ಎದ್ದು ಗಂಟು ಹಾಕಿದೆ. ಟ್ರಿಮ್ಮರ್ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಬಗ್ಗಿ ನೂಲನ್ನು ಹಲ್ಲಿನ ಕಚ್ಚಿಗೆ ಕೂರಿಸಿ, ಟಕ್ ಎಂದು ತುಂಡು ಮಾಡಿದೆ.

"ಅಕ್ಕಾ!" ಎಂದು ಚೀರಿದಳು.

"ಉಳಿಸಿಕೊಂಡದ್ದು ಇದಕ್ಕೇ" ಎಂದೆ.